ಕಾವಿಗೆ ಕೂತ ಕೋಳಿಯ ಬುಟ್ಟಿಯಲ್ಲಿ ಮೊಟ್ಟೆ ಜಾಸ್ತಿಯಾಗಿವೆ, ಏನು ಮಾಡಲಿ?

ಆಗುಂಬೆ_ಮಳೆ (ಏಪ್ರಿಲ್ 21, ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಹಳ್ಳಿ ನಮ್ಮದು. ನಮ್ಮ ಕೆಂಪಿ ಕಾವಿಗೆ ಕೂತು ಇವತ್ತಿಗೆ ಒಂಬತ್ತು ದಿನ. ಏಪ್ರಿಲ್ 12ರ ಸಂಜೆ ಹನ್ನೊಂದು ಮೊಟ್ಟೆ ಇಟ್ಟು ಕೂರಿಸಿದ್ದೆ. ಇವತ್ತು ಅವಳು ಮೇಯಲು ಎದ್ದು ಹೋದಾಗ ಬುಟ್ಟಿ ನೋಡಿದರೆ ಹದಿನಾಲ್ಕು ಇವೆ! ನಮ್ಮ ಇನ್ನೊಂದು ಹೇಂಟೆ, ಕಪ್ಪು ಬಣ್ಣದ್ದು, ಅದೇ ಬುಟ್ಟಿಗೆ ಹೋಗಿ ಮೊಟ್ಟೆ ಇಟ್ಟು ಬರುತ್ತಿದೆ ಅನ್ನಿಸುತ್ತದೆ. ಯಾವುದು ಹಳೆಯದು, ಯಾವುದು ಹೊಸದು ಅಂತ ಗೊತ್ತಾಗುತ್ತಿಲ್ಲ. ಎಲ್ಲ ಒಂದೇ ಥರ ಇವೆ.

ಹೋದ ಸಲ ಹನ್ನೆರಡು ಮೊಟ್ಟೆಗೆ ಏಳು ಮರಿ ಆಗಿತ್ತು. ಏಳರಲ್ಲಿ ಉಳಿದದ್ದು ಒಂದೇ ಒಂದು. ಮೂರನ್ನು ಗಿಡುಗ ಎತ್ತಿತು, ಒಂದು ನೀರಿನ ಪಾತ್ರೆಯಲ್ಲಿ ಬಿದ್ದು ಸತ್ತಿತು, ಎರಡು ತೂಕಡಿಸಿ ತೂಕಡಿಸಿ ಸತ್ತವು. ಆ ಒಂದು ವಾರ ನನಗೆ ಊಟ ಸೇರಿರಲಿಲ್ಲ. ಈ ಸಲ ಹಾಗಾಗಬಾರದು. ಇನ್ನೊಂದು ವಿಷಯ, ನಿನ್ನೆ ರಾತ್ರಿ ಜೋರು ಗುಡುಗು ಮಳೆ ಬಂತು. ಅಜ್ಜಿ "ಗುಡುಗಿಗೆ ಮೊಟ್ಟೆ ಕೆಡುತ್ತದೆ, ಬುಟ್ಟಿಯಲ್ಲಿ ಒಂದು ಕಬ್ಬಿಣದ ಮೊಳೆ ಇಡು" ಅಂದರು. ಇಟ್ಟಿದ್ದೇನೆ. ನಿಜವಾಗಿ ಕೆಡುತ್ತದಾ?

ತೆಂಗಿನತೋಟ_ತಿಪಟೂರು

ಅಕ್ಕ, ಮೊದಲು ಆ ಕಪ್ಪು ಕೋಳಿಯನ್ನು ಅಲ್ಲಿಗೆ ಹೋಗದ ಹಾಗೆ ಮಾಡಿ. ಕಾವಿಗೆ ಕೂತ ಬುಟ್ಟಿ ಬೇರೆ ಕೋಳಿಗಳಿಗೆ ಯಾವಾಗಲೂ ಇಷ್ಟ, ಮೊಟ್ಟೆ ಇರುವ ಜಾಗದಲ್ಲೇ ಅವೂ ಮೊಟ್ಟೆ ಇಡುತ್ತವೆ. ಕೂರಿಸುವ ದಿನವೇ ಎಲ್ಲ ಮೊಟ್ಟೆಗೂ ಪೆನ್ಸಿಲ್‌ನಲ್ಲಿ ಒಂದು ಗೀಟು ಹಾಕಬೇಕು. ಗೀಟಿಲ್ಲದ್ದು ಕಂಡರೆ ಅವತ್ತೇ ತೆಗೆದು ಅಡುಗೆಗೆ ಹಾಕಬಹುದು. ಸ್ಕೆಚ್ ಪೆನ್ ಬೇಡ, ಮೊಟ್ಟೆ ಚಿಪ್ಪಿನಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತವೆ.

ಜವಾರಿ_ತತ್ತಿ (ಹಾವೇರಿ)

ಗೀಟು ಹಾಕದೆ ಇದ್ದರೆ ಈಗೇನು ಮಾಡೋದು ಅಂತ ಕೇಳಿದ್ದಾರೆ ಅವರು. ನಮ್ಮ ಮನೆಯಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ತತ್ತಿ ಬಿಡುತ್ತೇವ್ರಿ. ಮರಿ ಇದ್ದದ್ದು ಅಲುಗಾಡುತ್ತದೆ. ಸುಮ್ನೆ ತೇಲಿದರೆ ಕೆಟ್ಟದ್ದು.

ಹಳ್ಳಿ_ಪಶುವೈದ್ಯ (ನಿವೃತ್ತ)

ನೀರಿನಲ್ಲಿ ಬಿಡುವುದು ಬೇಡ, ದಯವಿಟ್ಟು. ಒಂಬತ್ತನೇ ದಿನಕ್ಕೆ ಮರಿ ಅಲುಗಿಸುವಷ್ಟು ದೊಡ್ಡದೇ ಆಗಿರುವುದಿಲ್ಲ. ಕಣ್ಣಿಗೆ ಕಾಣದ ಬಿರುಕು ಇದ್ದರೆ ನೀರು ಒಳಗೆ ಹೋಗುತ್ತದೆ, ಮೊಟ್ಟೆಯ ಮೇಲಿನ ಸಹಜ ರಕ್ಷಣೆಯ ಪದರವೂ ತೊಳೆದುಹೋಗುತ್ತದೆ.

ಸುಲಭದ ದಾರಿ ಇದೆ. ರಾತ್ರಿ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಾಕಿ. ಮೊಟ್ಟೆಯ ದಪ್ಪ ತುದಿಯನ್ನು ಟಾರ್ಚಿನ ಮೇಲೆ ಇಟ್ಟು, ಬೆಳಕು ಸೋರದ ಹಾಗೆ ಸುತ್ತ ಬೆರಳು ಮುಚ್ಚಿ ಹಿಡಿಯಿರಿ. ಒಂಬತ್ತು ದಿನದ ಮೊಟ್ಟೆಯಲ್ಲಿ ಜೇಡರ ಬಲೆಯ ಥರ ಕೆಂಪು ನರ ಹರಡಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕೆ ಅಲ್ಲಾಡುವುದೂ ಕಾಣಬಹುದು. ಗೊಡ್ಡು ಮೊಟ್ಟೆ ಪೂರ್ತಿ ತಿಳಿಯಾಗಿ ಹಳದಿಯಾಗಿ ಕಾಣುತ್ತದೆ. ಹೊಸದಾಗಿ ಬಂದು ಸೇರಿದ್ದೂ ಹಾಗೇ ಕಾಣುತ್ತದೆ. ಎರಡನ್ನೂ ತೆಗೆದುಬಿಡಿ. ನರ ಕಾಣದೆ ಒಳಗೆ ಒಂದು ಕೆಂಪು ಉಂಗುರ ಮಾತ್ರ ಕಂಡರೆ, ಮರಿ ಬೆಳೆಯಲು ಶುರುವಾಗಿ ನಡುವೆ ಸತ್ತಿದೆ ಅಂತ ಅರ್ಥ. ಅದನ್ನೂ ತೆಗೆಯಿರಿ. ಬಿಟ್ಟರೆ ಕೊಳೆತು ಒಡೆಯುತ್ತದೆ, ಆ ರಸ ಬೇರೆ ಮೊಟ್ಟೆಗೆ ತಗಲಿದರೆ ಅವೂ ಕೆಡುತ್ತವೆ.

ಹೊಸ ಮೊಟ್ಟೆಗಳನ್ನು ಬಿಟ್ಟರೆ ಏನಾಗುತ್ತದೆ ಅಂತ ಕೆಲವರು ಕೇಳುತ್ತಾರೆ. ಮೊದಲಿನ ಮರಿಗಳು 21ನೇ ದಿನ ಹೊರಬರುತ್ತವೆ. ಒಂದೆರಡು ದಿನದಲ್ಲಿ ತಾಯಿ ಅವುಗಳನ್ನು ಕರೆದುಕೊಂಡು ಎದ್ದು ಹೋಗುತ್ತಾಳೆ. ಇವು ಅರ್ಧ ಬೆಳೆದು ತಣ್ಣಗಾಗಿ ಸಾಯುತ್ತವೆ.

ಆಗುಂಬೆ_ಮಳೆ

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಇವತ್ತು ರಾತ್ರಿಯೇ ನೋಡುತ್ತೇನೆ. ಟಾರ್ಚ್ ಬೆಳಕಿಗೆ ಮರಿಗೆ ಏನೂ ಆಗಲ್ಲ ಅಲ್ವಾ?

ಹಳ್ಳಿ_ಪಶುವೈದ್ಯ

ಒಂದು ಮೊಟ್ಟೆಗೆ ಐದಾರು ಸೆಕೆಂಡು ಸಾಕು. ಏನೂ ಆಗಲ್ಲ.

ಯಂತ್ರದ_ಮರಿ (ದೊಡ್ಡಬಳ್ಳಾಪುರ)

ಇದಕ್ಕೇ ನಾನು ಇಂಕ್ಯುಬೇಟರ್ ತೆಗೆದುಕೊಂಡಿದ್ದು. ಒಂದು ಕೋಳಿಗೆ ಹತ್ತು ಹನ್ನೆರಡು ಮೊಟ್ಟೆ, ನನ್ನ ಪೆಟ್ಟಿಗೆಗೆ ಅರವತ್ತು. 37.5 ಡಿಗ್ರಿಗೆ ಇಟ್ಟರೆ ಮುಗಿಯಿತು, ತಿರುಗಿಸುವುದೂ ಅದೇ. 18ನೇ ದಿನ ತಿರುಗಿಸುವುದು ನಿಲ್ಲಿಸಿ ತೇವಾಂಶ 65-70ಕ್ಕೆ ಏರಿಸುತ್ತೇನೆ. ಬೇರೆ ಕೋಳಿ ಬಂದು ಮೊಟ್ಟೆ ಇಡುವುದಿಲ್ಲ, ಹಾವು ಬರುವುದಿಲ್ಲ. ಕೋಳಿ ಮೂರು ತಿಂಗಳು ಮೊಟ್ಟೆ ನಿಲ್ಲಿಸುವುದೂ ಇಲ್ಲ. ಕಾವಿಗೆ ಕೂರಿಸುವುದು ಲೆಕ್ಕ ಹಾಕಿದರೆ ನಷ್ಟ.

ಕಾಫಿಗಿಡ (ಸೋಮವಾರಪೇಟೆ)

ಕರೆಂಟ್ ಹೋದರೆ?

ಯಂತ್ರದ_ಮರಿ

ಇನ್ವರ್ಟರ್ ಇದೆ.

ಕಾಫಿಗಿಡ

ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇರುವುದಿಲ್ಲ ಅಣ್ಣ. ಇನ್ವರ್ಟರ್ ಎಷ್ಟು ಹೊತ್ತು ಬರುತ್ತದೆ? ಕೋಳಿಗೆ ಮೈಯೇ ಒಲೆ, ಅದಕ್ಕೆ ಕರೆಂಟ್ ಬೇಡ. ಲೆಕ್ಕದ ಮಾತಿಗೆ ಬಂದರೆ, ಅರವತ್ತು ಮರಿ ಹೊರಬಂದ ಮೇಲೆ ನಿಮ್ಮ ಕೆಲಸ ಶುರು. ಬಲ್ಬ್ ಕಟ್ಟಬೇಕು, ಮೊದಲ ವಾರ 35 ಡಿಗ್ರಿ ಹತ್ತಿರ ಇಡಬೇಕು, ವಾರ ವಾರ ಸ್ವಲ್ಪ ಸ್ವಲ್ಪ ಇಳಿಸಬೇಕು, ರಾತ್ರಿ ಎದ್ದು ನೋಡಬೇಕು. ಚಳಿಯಾದರೆ ಒಂದರ ಮೇಲೊಂದು ಬಿದ್ದು ಕೆಳಗಿದ್ದದ್ದು ಉಸಿರುಗಟ್ಟಿ ಸಾಯುತ್ತದೆ. ತಾಯಿ ಕೋಳಿ ಇದ್ದರೆ ಬಿಸಿ ಕೊಡುವುದು, ಮೇವು ತೋರಿಸುವುದು, ಗಿಡುಗ ಬಂದರೆ ಕೂಗಿ ಎಚ್ಚರಿಸುವುದು ಎಲ್ಲ ಅವಳದ್ದೇ. ಆ ಕೂಲಿಯನ್ನು ನಿಮ್ಮ ಲೆಕ್ಕದಲ್ಲಿ ಸೇರಿಸಿದಿರಾ?

ಯಂತ್ರದ_ಮರಿ

ಆ ಕೆಲಸ ಇದೆ, ಒಪ್ಪುತ್ತೇನೆ. ಆದರೆ ಮಾರಲು ಸಾಕುವವರಿಗೆ ಕೋಳಿಯ ಕಾವು ಸಾಲುವುದಿಲ್ಲ. ಗಿರಿರಾಜ ಸಾಕಿದವರು ಏನು ಮಾಡಬೇಕು? ಅದು ಕಾವಿಗೆ ಕೂರುವುದೇ ಅಪರೂಪ.

ಹಳ್ಳಿ_ಪಶುವೈದ್ಯ

ನಿಜ. ಗಿರಿರಾಜ ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೇ ಬೆಳೆಸಿದ ತಳಿ. ಮೊಟ್ಟೆ, ಮಾಂಸ ಎರಡಕ್ಕೂ ಆಗುತ್ತದೆ, ಹಿತ್ತಲಲ್ಲೂ ಬದುಕುತ್ತದೆ. ಮೊಟ್ಟೆ ಜಾಸ್ತಿ ಇಡಲಿ ಅಂತ ಆರಿಸಿ ಬೆಳೆಸಿದ ತಳಿಗಳಲ್ಲಿ ಕಾವಿನ ಗುಣ ಕಡಿಮೆಯಾಗುತ್ತದೆ. ಕಾವಿಗೆ ಕೂರುವುದಕ್ಕೆ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಕಾರಣ. ಅದು ಏರಿದಾಗ ಮೊಟ್ಟೆ ಇಡುವುದು ನಿಲ್ಲುತ್ತದೆ. ಹಾಗಾಗಿ ಎರಡೂ ಒಟ್ಟಿಗೆ ಸಿಗುವುದಿಲ್ಲ. ಗಿರಿರಾಜ ಮೊಟ್ಟೆಯನ್ನು ನಾಟಿ ಕೋಳಿಯ ಕೆಳಗೆ ಇಟ್ಟು ಮರಿ ಮಾಡಿಸುವವರು ಬೇಕಾದಷ್ಟು ಜನ ಇದ್ದಾರೆ. ಮೊಟ್ಟೆ ದೊಡ್ಡದು, ಹಾಗಾಗಿ ಎಂಟರ ಮೇಲೆ ಇಡಬೇಡಿ.

ಈಗ ಗುಡುಗಿನ ವಿಷಯ. ನಾನು ಊರೂರು ತಿರುಗಿದಾಗ ಕಬ್ಬಿಣದ ಮೊಳೆ, ಇದ್ದಿಲು, ಒಣಮೆಣಸಿನಕಾಯಿ ಎಲ್ಲವನ್ನೂ ಬುಟ್ಟಿಯಲ್ಲಿ ನೋಡಿದ್ದೇನೆ. ಇಟ್ಟರೆ ನಷ್ಟ ಇಲ್ಲ, ಅಜ್ಜಿಗೂ ಸಮಾಧಾನ. ಆದರೆ ನನಗೆ ಕಂಡ ಕಾರಣ ಬೇರೆ. ಗುಡುಗು ಬರುವುದು ಏಪ್ರಿಲ್-ಮೇ ತಿಂಗಳಲ್ಲಿ. ಅದೇ ಅತಿ ಬಿಸಿಲಿನ ಕಾಲ. ಹನ್ನೆರಡು ಮೊಟ್ಟೆ ಕೂಡಿಸಲು ಹದಿನೈದು ದಿನ ಅಡುಗೆಮನೆಯ ಬುಟ್ಟಿಯಲ್ಲಿ ಇಡುತ್ತೇವೆ. ಸುಮಾರು 21 ಡಿಗ್ರಿ ದಾಟಿದರೆ ಮೊಟ್ಟೆಯೊಳಗೆ ಬೆಳವಣಿಗೆ ನಿಧಾನಕ್ಕೆ ಶುರುವಾಗುತ್ತದೆ. ಪೂರ್ತಿ ಕಾವು ಸಿಗದೆ ಅಲ್ಲೇ ಸಾಯುತ್ತದೆ. ಕೂರಿಸುವ ಮೊದಲೇ ಕೆಟ್ಟ ಮೊಟ್ಟೆಗೆ ಗುಡುಗಿನ ಮೇಲೆ ತಪ್ಪು ಹೊರಿಸುತ್ತೇವೆ. ಬೇಸಿಗೆಯಲ್ಲಿ ನಾಲ್ಕೈದು ದಿನದೊಳಗಿನ ಮೊಟ್ಟೆಯನ್ನೇ ಇಡಿ. ಒದ್ದೆ ಮರಳಿನ ಮೇಲೆ ಮಣ್ಣಿನ ಮಡಕೆ ಇಟ್ಟು, ಮಡಕೆಯೊಳಗೆ ಮೊಟ್ಟೆಯ ಚೂಪು ತುದಿ ಕೆಳಗೆ ಬರುವಂತೆ ಜೋಡಿಸಿದರೆ ತಂಪಾಗಿರುತ್ತವೆ.

ಆಗುಂಬೆ_ಮಳೆ

ಅಯ್ಯೋ, ಹೋದ ಸಲ ನಾನು ಮಾಡಿದ್ದು ಅದೇ. ಎರಡು ವಾರದ ಮೊಟ್ಟೆ, ಒಲೆ ಪಕ್ಕದ ಶೆಲ್ಫಿನಲ್ಲಿ.

ಹೊಸಬ_22

ಅಂಗಡಿಯಿಂದ ಮೊಟ್ಟೆ ತಂದು ಕೋಳಿ ಕೆಳಗೆ ಇಟ್ಟರೆ ಮರಿ ಆಗುತ್ತದಾ?

ತೆಂಗಿನತೋಟ_ತಿಪಟೂರು

ಫಾರಂ ಮೊಟ್ಟೆ ಆಗಲ್ಲ. ಅಲ್ಲಿ ಹುಂಜವೇ ಇರುವುದಿಲ್ಲ. ಹುಂಜ ಓಡಾಡುವ ಮನೆಯಿಂದ ನಾಟಿ ಮೊಟ್ಟೆ ತನ್ನಿ. ಹತ್ತು ಹೇಂಟೆಗೆ ಒಂದು ಒಳ್ಳೆ ಹುಂಜ ಸಾಕು.

ಕಡಲತಡಿ (ಕುಂದಾಪುರ)

ನಮ್ಮ ಕಡೆ ಚೂಪು ಮೊಟ್ಟೆಯಲ್ಲಿ ಹುಂಜ, ಗುಂಡು ಮೊಟ್ಟೆಯಲ್ಲಿ ಹೇಂಟೆ ಅಂತಾರೆ. ನಾನು ಗುಂಡಗಿರುವುದನ್ನೇ ಆರಿಸಿ ಇಡುತ್ತೇನೆ. ನಿಜವಾ ಡಾಕ್ಟ್ರೇ?

ಹಳ್ಳಿ_ಪಶುವೈದ್ಯ

ಇಲ್ಲ. ಮೊಟ್ಟೆಯ ಆಕಾರ ಆ ಹೇಂಟೆಯ ಮೈಕಟ್ಟಿನಿಂದ ಬರುತ್ತದೆ. ಒಂದೇ ಕೋಳಿ ಸಾಮಾನ್ಯವಾಗಿ ಒಂದೇ ಆಕಾರದ ಮೊಟ್ಟೆ ಇಡುತ್ತದೆ, ಅದರಲ್ಲಿ ಗಂಡೂ ಬರುತ್ತದೆ ಹೆಣ್ಣೂ ಬರುತ್ತದೆ. ಗಂಡೋ ಹೆಣ್ಣೋ ಅನ್ನುವುದು ಹಕ್ಕಿಗಳಲ್ಲಿ ತಾಯಿಯಿಂದ ನಿರ್ಧಾರವಾಗುತ್ತದೆ, ಮನುಷ್ಯರಲ್ಲಿ ತಂದೆಯಿಂದ ಆಗುವ ಹಾಗೆ. ಆದರೆ ತೀರಾ ಚೂಪು, ತೀರಾ ಉದ್ದ, ಚಿಪ್ಪು ಒರಟಾದ ಮೊಟ್ಟೆ ಬಿಟ್ಟುಬಿಡಿ, ಮರಿ ಸರಿಯಾಗಿ ಹೊರಬರುವುದಿಲ್ಲ.

ಕಡಲತಡಿ

ಇಷ್ಟು ವರ್ಷ ಚೂಪು ಮೊಟ್ಟೆಯನ್ನೆಲ್ಲ ಆಮ್ಲೆಟ್ ಮಾಡಿದೆ!

ಬಾತುಕೋಳಿ ಮೊಟ್ಟೆಯನ್ನೂ ಊರು ಕೋಳಿ ಕೆಳಗೆ ಇಟ್ಟಿದ್ದೆ ಒಂದು ಸಲ. ಅದಕ್ಕೆ 28 ದಿನ ಬೇಕು, ಪಾಪ ಕೋಳಿ ಒಂದು ವಾರ ಜಾಸ್ತಿ ಕೂತಿತು, ಎದ್ದೇಳಲೇ ಇಲ್ಲ. ಆರು ಮರಿ ಆದವು. ನಾಲ್ಕನೇ ದಿನ ಮನೆ ಹಿಂದಿನ ತೋಡಿಗೆ ಆರೂ ಸಾಲಾಗಿ ಇಳಿದು ಈಜಲು ಶುರು ಮಾಡಿದವು. ಆ ತಾಯಿ ದಡದಲ್ಲಿ ಅತ್ತಿಂದಿತ್ತ ಓಡುತ್ತಾ ಕೂಗಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಆಮೇಲೆ ಬಾತು ಮೊಟ್ಟೆ ಇಡಲಿಲ್ಲ ನಾನು. ಅವಳಿಗೆ ಅಂಥ ಸಂಕಟ ಕೊಡಬಾರದು ಅನ್ನಿಸಿತು.

ಹೊಸಬ_22

ನಮ್ಮ ಹೊಲದಲ್ಲಿ ನವಿಲು ಮೊಟ್ಟೆ ಸಿಕ್ಕಿದೆ, ನಾಲ್ಕು. ಕೋಳಿ ಕೆಳಗೆ ಇಡಬಹುದಾ?

ಕಾಫಿಗಿಡ

ಮುಟ್ಟಬೇಡಿ!! ನವಿಲು 1963ರಿಂದ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದರ ಮೊಟ್ಟೆ ಎತ್ತುವುದೂ ಅಪರಾಧ. ಜೈಲು ಆಗುತ್ತದೆ. ತಾಯಿ ಅಲ್ಲೇ ಹತ್ತಿರ ಇರುತ್ತದೆ, ಅಷ್ಟು ಜಾಗ ಉಳುಮೆ ಮಾಡದೆ ಬಿಡಿ. ತಾಯಿ ಸತ್ತಿದ್ದು ಕಂಡರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಹೊಸಬ_22

ಸರಿ ಅಣ್ಣ. ಮುಟ್ಟಿಲ್ಲ. ಅಷ್ಟು ಜಾಗ ಬಿಡಲು ಅಪ್ಪನಿಗೆ ಹೇಳುತ್ತೇನೆ.

ಆಗುಂಬೆ_ಮಳೆ (ಏಪ್ರಿಲ್ 22)

ರಾತ್ರಿ ನೋಡಿದೆ. ಹತ್ತು ಮೊಟ್ಟೆಯಲ್ಲಿ ನರ ಚೆನ್ನಾಗಿ ಕಂಡಿತು. ಎರಡರಲ್ಲಿ ಕಪ್ಪು ಚುಕ್ಕೆ ಅಲ್ಲಾಡಿದ್ದನ್ನು ನಾನೂ ಅಜ್ಜಿಯೂ ಒಟ್ಟಿಗೆ ನೋಡಿದೆವು. ಅಜ್ಜಿಗೆ ಎಂಬತ್ತು ದಾಟಿದೆ, ಮದುವೆಯಾಗಿ ಬಂದಾಗಿನಿಂದ ಕೋಳಿ ಕೂರಿಸುತ್ತಿದ್ದಾರೆ, ಮೊಟ್ಟೆಯೊಳಗೆ ಜೀವ ಅಲುಗುವುದನ್ನು ಇದೇ ಮೊದಲು ನೋಡಿದ್ದು. ಮಾತೇ ಆಡಲಿಲ್ಲ ಸ್ವಲ್ಪ ಹೊತ್ತು. ಆಮೇಲೆ "ಎಲ್ಲವನ್ನೂ ಒಂದ್ಸಲ ತೋರಿಸು" ಅಂದರು.

ತಿಳಿಯಾಗಿದ್ದದ್ದು ನಾಲ್ಕು. ತೆಗೆದೆ. ಉಳಿದ ಹತ್ತಕ್ಕೂ ಪೆನ್ಸಿಲ್ ಗೀಟು ಹಾಕಿದೆ. ಕಪ್ಪು ಕೋಳಿಗೆ ಬೇರೆ ಬುಟ್ಟಿ ಇಟ್ಟು, ಕೆಂಪಿಯ ಬುಟ್ಟಿಯನ್ನು ಕೊಟ್ಟಿಗೆಯ ಒಳಕೋಣೆಗೆ ಸಾಗಿಸಿದೆ. ರಾತ್ರಿ ಕತ್ತಲಲ್ಲೇ ಎತ್ತಿದ್ದರಿಂದ ಅವಳು ಗಲಾಟೆ ಮಾಡಲಿಲ್ಲ, ಕೊರ್ ಅಂದು ಸುಮ್ಮನಾದಳು.

ಒಂದು ಚಿಂತೆ. ಅವಳು ಏನೂ ತಿನ್ನುವುದೇ ಇಲ್ಲ. ಎದೆಯ ಮೂಳೆ ಕೈಗೆ ಸಿಗುತ್ತಿದೆ.

ತೆಂಗಿನತೋಟ_ತಿಪಟೂರು

ಕಾವಿಗೆ ಕೂತ ಕೋಳಿ ಸಣ್ಣಗಾಗುವುದು ಸಹಜ. ದಿನಕ್ಕೆ ಒಂದೇ ಸಲ, ಹದಿನೈದು ಇಪ್ಪತ್ತು ನಿಮಿಷ ಎದ್ದು ಬಂದು ತಿಂದು, ನೀರು ಕುಡಿದು, ದೊಡ್ಡದಾಗಿ ನಾರುವ ಹಿಕ್ಕೆ ಹಾಕಿ, ಮಣ್ಣಲ್ಲಿ ಹೊರಳಿ ವಾಪಸ್ ಹೋಗುತ್ತದೆ. ಆ ಹೊತ್ತಿಗೆ ಕಾಳು ಕೊಡಿ. ಭತ್ತ, ರಾಗಿ, ಒಡೆದ ಮೆಕ್ಕೆಜೋಳ. ನೀರು ಹತ್ತಿರ ಇರಲಿ. ಎರಡು ದಿನ ಎದ್ದೇ ಇಲ್ಲ ಅಂದರೆ ಮಾತ್ರ ನಿಧಾನಕ್ಕೆ ಎತ್ತಿ ಹೊರಗೆ ಬಿಡಿ. ಎತ್ತುವಾಗ ರೆಕ್ಕೆ ಕೆಳಗೆ ಕೈ ಹಾಕಿ ನೋಡಿ, ಒಂದೊಂದು ಸಲ ಮೊಟ್ಟೆ ರೆಕ್ಕೆಯಲ್ಲಿ ಸಿಕ್ಕಿಕೊಂಡು ಮೇಲೆ ಬಂದು ಬಿದ್ದು ಒಡೆಯುತ್ತದೆ.

ಹೇನು ನೋಡಿದಿರಾ? ಕೂತ ಕೋಳಿ ಮೈ ಕೊಡವುವುದಿಲ್ಲ, ಹೇನು ತುಂಬುತ್ತವೆ. ಬುಟ್ಟಿಯ ಹುಲ್ಲಿನ ಕೆಳಗೆ ಲಕ್ಕಿ ಸೊಪ್ಪು, ಬೇವಿನ ಸೊಪ್ಪು ಹಾಕಿ. ಒಲೆಯ ಬೂದಿಯನ್ನು ಒಣ ಮಣ್ಣಿನ ಜೊತೆ ಸೇರಿಸಿ ಅವಳು ಎದ್ದು ಬರುವ ಜಾಗದಲ್ಲಿ ಹರಡಿ, ಅವಳೇ ಹೊರಳಾಡುತ್ತಾಳೆ.

ಮಹಡಿ_ತೋಟ (ಬೆಂಗಳೂರು)

ನನ್ನದು ಉಲ್ಟಾ ಸಮಸ್ಯೆ. ಮಹಡಿ ಮೇಲೆ ಮೂರು ಹೇಂಟೆ ಇವೆ, ಹುಂಜ ಇಲ್ಲ, ಪಕ್ಕದ ಮನೆಯವರು ಕೂಗು ಬೇಡ ಅಂದರು ಅಂತ ಕೊಟ್ಟುಬಿಟ್ಟೆ. ಈಗ ಒಂದು ಹೇಂಟೆ ಖಾಲಿ ಗೂಡಿನಲ್ಲಿ ಎರಡು ವಾರದಿಂದ ಕೂತಿದೆ. ಮೊಟ್ಟೆಯೇ ಇಲ್ಲ. ಏನು ಮಾಡಲಿ?

ಜವಾರಿ_ತತ್ತಿ

ನೀರಿನಲ್ಲಿ ಮುಳುಗಿಸಿ ಎತ್ತಿರಿ. ಮೂಗಿಗೆ ಒಂದು ಪುಕ್ಕ ಚುಚ್ಚಿದರೂ ಏಳುತ್ತದೆ. ನಮ್ಮ ಅವ್ವ ಹಾಗೆ ಮಾಡುತ್ತಿದ್ದಳು.

ಕಡಲತಡಿ

ಮೂಗಿಗೆ ಪುಕ್ಕವಾ? ಬೇಡಪ್ಪಾ. ಉಸಿರಾಡುವ ಜಾಗ ಅದು. ನಮ್ಮಲ್ಲೂ ಮಾಡುತ್ತಿದ್ದರು, ನೋಡಲು ಆಗುತ್ತಿರಲಿಲ್ಲ.

ಹಳ್ಳಿ_ಪಶುವೈದ್ಯ

ಎರಡೂ ಬೇಡ. ಪುಕ್ಕ ಚುಚ್ಚಿದರೆ ಸೋಂಕು ಆಗುತ್ತದೆ, ಹಿಂಸೆ ಕೂಡ. ತಳದಲ್ಲಿ ಜಾಲರಿ ಇರುವ ಪಂಜರವನ್ನು ನೆಲದಿಂದ ಸ್ವಲ್ಪ ಎತ್ತರದಲ್ಲಿಟ್ಟು, ಹುಲ್ಲು ಹಾಕದೆ, ಬೆಳಕಿರುವ ಕಡೆ ಮೂರು ನಾಲ್ಕು ದಿನ ಅದರಲ್ಲಿ ಬಿಡಿ. ನೀರು, ಮೇವು ಇರಲಿ. ಹೊಟ್ಟೆಯ ಕೆಳಗೆ ಗಾಳಿ ಆಡಿದರೆ ಕಾವು ಇಳಿಯುತ್ತದೆ. ಇಲ್ಲವೆಂದರೆ ಎಲ್ಲಿಂದಲಾದರೂ ಮರಿಯಾಗುವ ಮೊಟ್ಟೆ ತಂದು ಇಡಿ, ಅವಳ ಆಸೆಯೂ ತೀರುತ್ತದೆ.

ಜವಾರಿ_ತತ್ತಿ

ಸರಿ ಬಿಡ್ರಿ, ಪುಕ್ಕದ ಮಾತು ವಾಪಸ್ ತಗೊಂಡೆ. ಪಂಜರದ್ದು ನಾನೂ ಮಾಡಿ ನೋಡುತ್ತೇನೆ.

ಆಗುಂಬೆ_ಮಳೆ (ಮೇ 3, ಮಧ್ಯಾಹ್ನ)

ಮರಿ ಆದವು! ನಿನ್ನೆ ಸಂಜೆಯಿಂದಲೇ ಕೆಂಪಿ ಬೇರೆ ದನಿಯಲ್ಲಿ ಮಾತಾಡುತ್ತಿದ್ದಳು, ಮೊಟ್ಟೆಯೊಳಗಿಂದ ಚಿವ್ ಚಿವ್ ಅಂತ ಉತ್ತರ ಬರುತ್ತಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಐದು ಮರಿ. ಈಗ ಎಂಟು. ಎರಡು ಕಪ್ಪು, ಮೂರು ಕಂದು, ಮೂರಕ್ಕೆ ಬೆನ್ನ ಮೇಲೆ ಅಳಿಲಿನ ಹಾಗೆ ಗೆರೆ.

ಆದರೆ ಒಂದು ಮೊಟ್ಟೆಗೆ ನಿನ್ನೆ ರಾತ್ರಿ ಒಂಬತ್ತಕ್ಕೆ ತೂತು ಬಿದ್ದಿದ್ದು ಹಾಗೇ ಇದೆ. ಕೊಕ್ಕು ಕಾಣುತ್ತದೆ, ಉಸಿರಾಡುತ್ತಿದೆ, ಮುಂದೆ ಒಡೆಯುತ್ತಿಲ್ಲ. ಇನ್ನೊಂದು ಮೊಟ್ಟೆಯಲ್ಲಿ ಸದ್ದೇ ಇಲ್ಲ. ಬಿಡಿಸಲಾ? ಬೇಗ ಹೇಳಿ.

ಯಂತ್ರದ_ಮರಿ

ನಾನು ಬಿಡಿಸುತ್ತೇನೆ. ಸುತ್ತ ಸ್ವಲ್ಪ ಸ್ವಲ್ಪ ಚಿಪ್ಪು ತೆಗೆಯಿರಿ.

ಕಾಫಿಗಿಡ

ಬೇಡ ಅಕ್ಕ! ಒಂದು ಸಲ ಬಿಡಿಸಿ ನನ್ನ ಕೈಯಲ್ಲೇ ರಕ್ತ ಸೋರಿ ಸತ್ತಿದೆ. ಬಿಡಿ ಅದನ್ನು.

ಹಳ್ಳಿ_ಪಶುವೈದ್ಯ

ಈಗ ಕೈ ಹಾಕಬೇಡಿ. ತೂತು ಬಿದ್ದ ಮೇಲೆ ಪೂರ್ತಿ ಹೊರಬರಲು 24 ಗಂಟೆವರೆಗೂ ಹಿಡಿಯಬಹುದು. ಆ ಹೊತ್ತಿನಲ್ಲಿ ಮರಿ ಸುಮ್ನೆ ಇರುವುದಿಲ್ಲ. ಚಿಪ್ಪಿನ ಒಳಪೊರೆಯಲ್ಲಿರುವ ರಕ್ತವನ್ನು ಒಳಗೆ ಎಳೆದುಕೊಳ್ಳುತ್ತಿರುತ್ತದೆ, ಉಳಿದ ಹಳದಿ ಭಾಗವನ್ನು ಹೊಟ್ಟೆಗೆ ಸೇರಿಸಿಕೊಳ್ಳುತ್ತಿರುತ್ತದೆ. ಅದಕ್ಕೆ ಮೊದಲೇ ಚಿಪ್ಪು ಕಿತ್ತರೆ ಪೊರೆಯಿಂದ ರಕ್ತ ಸೋರುತ್ತದೆ. ಆ ಹಳದಿಯೇ ಮರಿಯ ಮೊದಲ ಬುತ್ತಿ. ಅದರ ಬಲದಿಂದ ಮರಿ ಎರಡು ದಿನ ಏನೂ ತಿನ್ನದೆ ಇರಬಲ್ಲದು. ಕೆಂಪಿ ಇನ್ನೂ ಕೂತಿದ್ದಾಳೆ ತಾನೆ? ಅವಳ ಕೆಳಗೇ ಇರಲಿ.

ಆಗುಂಬೆ_ಮಳೆ (ಸಂಜೆ 6)

ಕೆಂಪಿ ಎದ್ದಳು. ಎಂಟು ಮರಿಗಳೂ ಬುಟ್ಟಿಯಿಂದ ಇಳಿದವು, ಅವುಗಳ ಹಿಂದೆ ಹೋದಳು. ಮೊಟ್ಟೆ ತಣ್ಣಗಾಗುತ್ತಿದೆ. ಕೈ ನಡುಗುತ್ತಿದೆ ನನಗೆ.

ತೆಂಗಿನತೋಟ_ತಿಪಟೂರು

ಗಾಬರಿಯಾಗಬೇಡಿ. ಬುಟ್ಟಿಯಲ್ಲಿ ಹಳೆ ಬಟ್ಟೆ ಇಟ್ಟು, ಮೊಟ್ಟೆಯ ತೂತು ಮೇಲೆ ಬರುವ ಹಾಗೆ ಇಟ್ಟು, ಒಲೆಯಿಂದ ಸ್ವಲ್ಪ ದೂರ ಇಡಿ. ಪಕ್ಕದಲ್ಲಿ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಇಡಿ. ನಿಮ್ಮ ಕೆನ್ನೆಗೆ ಹಿತವಾದ ಬಿಸಿ ಇದ್ದರೆ ಸಾಕು. ತೂತಿನ ಸುತ್ತ ಪೊರೆ ಒಣಗಿ ಕಾಗದದ ಹಾಗೆ ಆಗಿದೆಯಾ ನೋಡಿ. ಆಗಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ, ಹಿಂಡಿ, ಪೊರೆಗೆ ಮಾತ್ರ ಮುಟ್ಟಿಸಿ. ಕೊಕ್ಕಿಗೆ ನೀರು ಹೋಗಬಾರದು.

ಹಳ್ಳಿ_ಪಶುವೈದ್ಯ

ತಿಪಟೂರಿನವರು ಸರಿಯಾಗಿ ಹೇಳಿದ್ದಾರೆ. ಹಾಗೇ ಮಾಡಿ. ರಾತ್ರಿ ಒಂಬತ್ತು ದಾಟಿದ ಮೇಲೂ ಮುಂದೆ ಒಡೆಯದಿದ್ದರೆ ಮಾತ್ರ ತೂತಿನ ಅಂಚಿನಿಂದ ಅಕ್ಕಿಕಾಳಿನಷ್ಟು ಚಿಪ್ಪು ತೆಗೆಯಿರಿ. ಒಂದು ಹನಿ ರಕ್ತ ಕಂಡರೂ ಅಲ್ಲಿಗೇ ನಿಲ್ಲಿಸಿ.

ಆಗುಂಬೆ_ಮಳೆ (ರಾತ್ರಿ 11.40)

ಹೊರಬಂತು. ನಾನು ತೆಗೆದದ್ದು ಎರಡೇ ಚೂರು. ಉಳಿದದ್ದನ್ನು ಅದೇ ಸುತ್ತಿಕೊಂಡು ಸುತ್ತಿಕೊಂಡು ಒಡೆಯಿತು. ಈಗ ಬಟ್ಟೆ ಮೇಲೆ ಒದ್ದೆಯಾಗಿ ಮಲಗಿದೆ. ಅಜ್ಜಿ ಅಂಗೈ ಮುಚ್ಚಿ ಹಿಡಿದುಕೊಂಡಿದ್ದಾರೆ. ಕೆಂಪಿ ಇದನ್ನು ಸೇರಿಸಿಕೊಳ್ಳುತ್ತಾಳಾ? ಬೆಳಿಗ್ಗೆ ಕೊಡಲಾ?

ಕಾಫಿಗಿಡ

ಮೈ ಒಣಗಿದ ಕೂಡಲೇ, ಕತ್ತಲಿರುವಾಗಲೇ, ಅವಳ ರೆಕ್ಕೆ ಕೆಳಗೆ ತಳ್ಳಿ. ಬೆಳಕಿನಲ್ಲಿ ಕೊಟ್ಟರೆ ಕುಕ್ಕಬಹುದು. ಕತ್ತಲಲ್ಲಿ ಕೊಟ್ಟರೆ ಬೆಳಿಗ್ಗೆ ತನ್ನದೇ ಅಂತ ಕರೆದುಕೊಂಡು ಹೋಗುತ್ತಾಳೆ.

ಯಂತ್ರದ_ಮರಿ

ನಾನು ಬಿಡಿಸಿ ಅಂದಿದ್ದು ತಪ್ಪಾಗಿತ್ತು. ಕಾಯ್ದದ್ದು ಒಳ್ಳೆಯದಾಯಿತು ಅಕ್ಕ.

ಕಾಫಿಗಿಡ ಅಣ್ಣ, ಇಂಕ್ಯುಬೇಟರ್ ಮರಿಯನ್ನೂ ಹೀಗೆ ಕೋಳಿಗೆ ಕೊಡಬಹುದಾ?

ಕಾಫಿಗಿಡ

ಕೊಡಬಹುದು. ಮರಿಗೆ ಒಂದೆರಡು ದಿನ ಆಗಿರುವಾಗಲೇ ಕೊಡಬೇಕು, ಅವಳ ಸ್ವಂತ ಮರಿಯೂ ಅಷ್ಟೇ ವಯಸ್ಸಿನದಾಗಿರಬೇಕು. ಒಂದು ಕೋಳಿಯ ರೆಕ್ಕೆ ಕೆಳಗೆ ಹದಿನೈದು ಹಿಡಿದರೆ ಜಾಸ್ತಿ. ನಿಮ್ಮ ಪೆಟ್ಟಿಗೆಗೂ ನಮ್ಮ ಕೋಳಿಗೂ ಹೀಗೆ ಜೊತೆ ಆಗಬಹುದು ನೋಡಿ.

ಆಗುಂಬೆ_ಮಳೆ (ಮೇ 4)

ಒಂಬತ್ತೂ ಕೆಂಪಿ ಜೊತೆ ಓಡಾಡುತ್ತಿವೆ. ತಡವಾಗಿ ಬಂದದ್ದು ಕಂದು ಬಣ್ಣದ್ದು, ಸ್ವಲ್ಪ ತೂರಾಡುತ್ತದೆ, ಆದರೂ ಹಿಂದೆ ಬೀಳುವುದಿಲ್ಲ. ಸದ್ದಿಲ್ಲದ ಮೊಟ್ಟೆಯಲ್ಲಿ ಮರಿ ಪೂರ್ತಿ ಬೆಳೆದು ಸತ್ತಿತ್ತು. ಮಣ್ಣು ಮಾಡಿದೆ.

ಈಗ ಮೇವಿಗೆ ಏನು? ನುಚ್ಚಕ್ಕಿ ಹಾಕಿದ್ದೇನೆ. ದೊಡ್ಡ ಕೋಳಿಗೆ ತಂದ ಲೇಯರ್ ಫೀಡ್ ಮನೆಯಲ್ಲಿದೆ, ಕೊಡಲಾ?

ಹಳ್ಳಿ_ಪಶುವೈದ್ಯ

ಲೇಯರ್ ಫೀಡ್ ಕೊಡಲೇಬೇಡಿ. ಮೊಟ್ಟೆ ಚಿಪ್ಪಿಗಾಗಿ ಅದರಲ್ಲಿ ಸುಣ್ಣದ ಅಂಶ ಜಾಸ್ತಿ ಇರುತ್ತದೆ, ಮರಿಯ ಕಿಡ್ನಿ ಹಾಳಾಗುತ್ತದೆ. ಚಿಕ್ ಸ್ಟಾರ್ಟರ್ (ಮರಿಗಳಿಗೆಂದೇ ಮಾಡಿದ ಮೇವು) ಸಿಕ್ಕರೆ ಒಳ್ಳೆಯದು. ಬರೀ ನುಚ್ಚು ಹಾಕಿದರೆ ಹೊಟ್ಟೆ ತುಂಬುತ್ತದೆ, ಪುಕ್ಕ ಬರುವುದಿಲ್ಲ.

ತೆಂಗಿನತೋಟ_ತಿಪಟೂರು

ಗೆದ್ದಲು ಕೊಡಿ ಅಕ್ಕ, ಅದಕ್ಕಿಂತ ಒಳ್ಳೆ ಮೇವಿಲ್ಲ. ಹಳೆ ಮಡಕೆಯಲ್ಲಿ ಒಣ ಸಗಣಿ, ತೆಂಗಿನ ಮಟ್ಟೆ ಚೂರು, ಹುಲ್ಲು, ಹರಿದ ಗೋಣಿ ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ಜಾಗದಲ್ಲಿ ಸಂಜೆ ಬೋರಲು ಹಾಕಿ. ಬೆಳಿಗ್ಗೆ ಎತ್ತಿದರೆ ಗಿಜಿಗುಟ್ಟುತ್ತಿರುತ್ತದೆ. ಕೋಳಿ ಮುಂದೆ ಕೊಡವಿದರೆ ಸಾಕು. ಕೆಂಪಿ "ಟುಕ್ ಟುಕ್" ಅಂತ ಕರೆದು ಕೊಕ್ಕಿನಿಂದ ಎತ್ತಿ ಹಾಕಿ ತೋರಿಸುತ್ತಾಳೆ. ಬಿಸಿಲೇರುವ ಮೊದಲು ಎತ್ತಬೇಕು, ಇಲ್ಲದಿದ್ದರೆ ಕೆಳಗೆ ಇಳಿದುಬಿಡುತ್ತವೆ.

ಕಡಲತಡಿ

ನೀರಿನ ತಟ್ಟೆಗೆ ಸಣ್ಣ ಕಲ್ಲು ತುಂಬಿ. ಕಲ್ಲಿನ ಸಂದಿಯಲ್ಲಿ ನೀರು ಇದ್ದರೆ ಮರಿ ಕುಡಿಯುತ್ತದೆ, ಮುಳುಗುವುದಿಲ್ಲ. ಹೋದ ಸಲದ ಹಾಗಾಗಬಾರದು ಅಲ್ವಾ.

ಗಿಡುಗಕ್ಕೆ ಹಳೆ ಮೀನಿನ ಬಲೆ ಕಟ್ಟುತ್ತೇವೆ ನಾವು. ಮೊದಲ ಮೂರು ವಾರ ಬಲೆಯ ಕೆಳಗೆ ಮಾತ್ರ ಬಿಡುವುದು. ನಿಮಗೆ ಬಲೆ ಸಿಗದಿದ್ದರೆ ಹಳೆ ಸೀರೆ ಆದರೂ ಆಗುತ್ತದೆ. ಕಾಗೆಯನ್ನೂ ನಂಬಬೇಡಿ.

ಹಳ್ಳಿ_ಪಶುವೈದ್ಯ

ಹೋದ ಸಲ ಎರಡು ಮರಿ ತೂಕಡಿಸಿ ಸತ್ತವು ಅಂದಿದ್ದಿರಿ. ನೋಡದೆ ಇಂಥದ್ದೇ ಅಂತ ಹೇಳಲಾರೆ. ಆದರೆ ನಾಟಿ ಕೋಳಿ ಸಾಕುವವರನ್ನು ಮುಳುಗಿಸುವುದು ಕೊಕ್ಕರೆ ರೋಗ. ಇಂಗ್ಲಿಷಿನವರು ನ್ಯೂಕ್ಯಾಸಲ್ ಅನ್ನುತ್ತಾರೆ, ನಮ್ಮ ದೇಶದಲ್ಲಿ ರಾಣಿಖೇತ್ ಅಂತಲೇ ಹೆಸರು. ಉತ್ತರಾಖಂಡದ ಆ ಊರಿನ ಹೆಸರೇ ರೋಗಕ್ಕೆ ಬಂತು. ಬಂದ ಮೇಲೆ ಔಷಧಿ ಇಲ್ಲ. ಮೊದಲೇ ಲಸಿಕೆ ಹಾಕಬೇಕು. ಐದರಿಂದ ಏಳನೇ ದಿನದೊಳಗೆ ಲಸೋಟಾ ಅಥವಾ ಎಫ್ ತಳಿಯ ಲಸಿಕೆ, ಕಣ್ಣಿಗೆ ಒಂದು ಹನಿ. ನಾಲ್ಕನೇ ವಾರದ ಹೊತ್ತಿಗೆ ಲಸೋಟಾ ಮತ್ತೊಮ್ಮೆ. ಎಂಟು ವಾರದ ಮೇಲೆ ಆರ್2ಬಿ ಚುಚ್ಚುಮದ್ದು. ಸಿಡುಬಿನ ಲಸಿಕೆಯೂ ಇದೆ, ಯಾವಾಗ ಅಂತ ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ.

ಆಗುಂಬೆ_ಮಳೆ

ಒಂಬತ್ತು ಮರಿಗೆ ಲಸಿಕೆ ಎಲ್ಲಿ ಸಿಗುತ್ತದೆ ಡಾಕ್ಟ್ರೇ? ಒಂದು ಕಡೆ ಕೇಳಿದೆ, ನೂರು ಮರಿ ಇದ್ದರೆ ಬನ್ನಿ ಅಂದರು.

ಹಳ್ಳಿ_ಪಶುವೈದ್ಯ

ಅದೇ ದೊಡ್ಡ ತೊಡಕು. ಲಸಿಕೆಯ ಸೀಸೆ ಬರುವುದೇ ನೂರಾರು ಕೋಳಿಗಳಿಗೆ ಆಗುವಷ್ಟು. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಅಲ್ಲಿಯವರೆಗೂ ಐಸ್ ಮೇಲೆ ಇರಬೇಕು. ಹಾಗಾಗಿ ಒಬ್ಬರಿಗೆ ಆಗುವುದಿಲ್ಲ. ಅಕ್ಕಪಕ್ಕದ ಮನೆಯವರನ್ನು ಸೇರಿಸಿ, ಒಂದು ದಿನ ಗೊತ್ತು ಮಾಡಿ. ಲಸೋಟಾ ದೊಡ್ಡ ಕೋಳಿಗೂ ಹಾಕಬಹುದು. ನಿಮ್ಮೊಬ್ಬರ ಕೋಳಿಗೆ ಹಾಕಿ ಪಕ್ಕದ ಮನೆಯದಕ್ಕೆ ಬಿಟ್ಟರೆ ರೋಗ ಊರಲ್ಲೇ ಇರುತ್ತದೆ. ಕಾಯಿಲೆ ಬಿದ್ದ ಕೋಳಿಗೆ ಮಾತ್ರ ಆ ದಿನ ಹಾಕಬೇಡಿ.

ಆಗುಂಬೆ_ಮಳೆ (ಮೇ 10)

ಐದು ಮನೆಯವರು ಸೇರಿದೆವು. ಮರಿ, ದೊಡ್ಡದು ಎಲ್ಲ ಸೇರಿ ಎಪ್ಪತ್ತೆರಡು ಕೋಳಿ. ಥರ್ಮಾಸ್‌ನಲ್ಲಿ ಐಸ್ ಹಾಕಿ ಲಸಿಕೆ ತಂದದ್ದು ಪಕ್ಕದ ಮನೆಯ ಹುಡುಗ. ಬೆಳಿಗ್ಗೆ ಒಡ್ಡಿಯಿಂದ ಬಿಡುವ ಮೊದಲೇ ಶುರು ಮಾಡಿದ್ದರಿಂದ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಕೆಂಪಿಯ ಮರಿ ಹಿಡಿಯುವಾಗ ನನ್ನ ಕೈ ಎರಡು ಕಡೆ ಕುಕ್ಕಿ ಗಾಯ ಮಾಡಿದಳು.

ಜವಾರಿ_ತತ್ತಿ

ಭಾಳ ಚಲೋ ಕೆಲಸ ಮಾಡಿದಿರಿ. ನಮ್ಮೂರಲ್ಲೂ ಹೀಗೆ ಮಾಡಿಸುತ್ತೇನೆ. ಆ ಗೆರೆ ಮರಿಗಳಲ್ಲಿ ಹುಂಜ ದೊಡ್ಡದಾದ ಮೇಲೆ ಕಡುಬು ಸಾರಿಗೆ ನಮ್ಮನ್ನೂ ಕರೀರಿ.

ಆಗುಂಬೆ_ಮಳೆ

ಊಟಕ್ಕೆ ಯಾವಾಗ ಬೇಕಾದರೂ ಬನ್ನಿ. ಆದರೆ ಈ ಒಂಬತ್ತರಲ್ಲಿ ಒಂದನ್ನೂ ಕೇಳಬೇಡಿ.

ಆಗುಂಬೆ_ಮಳೆ (ಜೂನ್ 22)

ತುಂಬಾ ದಿನ ಆಯಿತು, ಮಳೆ ಶುರುವಾಗಿ ನೆಟ್‌ವರ್ಕ್ ಇರಲಿಲ್ಲ. ಮರಿಗಳಿಗೆ ಏಳು ವಾರ. ಒಂದನ್ನು ಕಾಗೆ ಎತ್ತಿತು, ಬಲೆ ಕಟ್ಟಿದ್ದರ ಅಂಚಿನಿಂದ ಹೊರಬಂದಿತ್ತು. ಎಂಟು ಇವೆ. ತಡವಾಗಿ ಹುಟ್ಟಿದ ಕಂದು ಮರಿ ಈಗ ಎಲ್ಲಕ್ಕಿಂತ ಮುಂದೆ ಮೇವಿಗೆ ಓಡುತ್ತದೆ.

ಮೊನ್ನೆಯಿಂದ ಕೆಂಪಿ ಮರಿಗಳನ್ನು ಕುಕ್ಕಿ ಓಡಿಸುತ್ತಿದ್ದಾಳೆ. ಮೊದಲು ನನಗೆ ಬೇಜಾರಾಯಿತು. ಅಜ್ಜಿ "ಮರಿ ಬಿಡುವ ಹೊತ್ತು, ಹಾಗೇ ಮಾಡ್ತಾಳೆ" ಅಂದರು. ಇವತ್ತು ಬೆಳಿಗ್ಗೆ ಅದೇ ಹಳೆ ಬುಟ್ಟಿಯಲ್ಲಿ ಒಂದು ಮೊಟ್ಟೆ ಇಟ್ಟಿದ್ದಾಳೆ. ಮರಿಗಳು ರಾತ್ರಿ ಒಡ್ಡಿಯ ಮೂಲೆಯಲ್ಲಿ ಎಂಟೂ ಒತ್ತಿಕೊಂಡು ಮಲಗುತ್ತವೆ. ಅವಳು ಮೇಲಿನ ಗಳುವಿನ ಮೇಲೆ.

ಮಹಡಿ_ತೋಟ

ಅಕ್ಕ, ಕೆಂಪಿಯ ಮೊಟ್ಟೆ ನನ್ನ ಹೇಂಟೆಗೆ ಆರು ಕೊಡುತ್ತೀರಾ? ಪಂಜರದಿಂದ ಆಗ ಕಾವು ಇಳಿಯಿತು, ಈಗ ಮತ್ತೆ ಕೂತಿದೆ. ಮುಂದಿನ ವಾರ ತೀರ್ಥಹಳ್ಳಿಗೆ ಬರುತ್ತಿದ್ದೇನೆ.

ಆಗುಂಬೆ_ಮಳೆ

ಖಂಡಿತ ಬನ್ನಿ, ಮಡಕೆಯಲ್ಲಿ ಇವತ್ತಿನಿಂದಲೇ ಕೂಡಿಸಿ ಇಡುತ್ತೇನೆ. ಹೊಟ್ಟು ತುಂಬಿದ ಡಬ್ಬಿ ತನ್ನಿ. ಬಸ್ಸಿನಲ್ಲಿ ಸೀಟಿನ ಕೆಳಗೆ ಇಡಬೇಡಿ, ತೊಡೆ ಮೇಲೆ ಇಟ್ಟುಕೊಳ್ಳಿ. ಮನೆ ಮುಟ್ಟಿದ ಕೂಡಲೇ ಕೋಳಿ ಕೆಳಗೆ ಇಡಬೇಡಿ, ಚೂಪು ತುದಿ ಕೆಳಗೆ ಮಾಡಿ ಒಂದು ರಾತ್ರಿ ತಂಪಲ್ಲಿ ಬಿಟ್ಟು, ಮಾರನೇ ದಿನ ಕತ್ತಲಾದ ಮೇಲೆ ಇಡಿ. ಪೆನ್ಸಿಲ್ ಗೀಟು ನಾನೇ ಹಾಕಿ ಕೊಡುತ್ತೇನೆ.